ಮಂಡಿಪೇಟೆಯಲ್ಲಿ ಇಲ್ಲದ ಸ್ಟೂಲು

ಈ ಸಲ ಆಯುಧಪೂಜೆ ಮುಗಿದ ಮೇಲೆ ಒಂದು ಬುಧವಾರ ರಜೆ ಹಾಕಿ, ಹೆಂಡತಿಗೆ ದೀಪಾವಳಿ ಸೀರೆ ತರೋಣ ಅಂತ ಒಪ್ಪನಕ್ಕಾರ ಬೀದಿಗೆ ಹೋಗಿದ್ದೆವು. ಕೊಯಮತ್ತೂರಿಗೆ ಬಂದು ಹನ್ನೊಂದು ವರ್ಷ ಆಯಿತು. ಆ ಬೀದಿಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಕ್ಕಿದ್ದು ಒಟ್ಟು ನಾಲ್ಕು ಸಲ ಇರಬಹುದು. ಅವತ್ತೂ ಸಿಗಲಿಲ್ಲ. ಟೌನ್ ಹಾಲ್ ಹತ್ತಿರ ಎಲ್ಲೋ ತೂರಿಸಿ, ಬಿಸಿಲಲ್ಲಿ ನಡೆದು, ಬೆವರು ಒರೆಸಿಕೊಂಡು ಒಳಗೆ ಹೋದರೆ ಕೌಂಟರಿನ ಹಿಂದೆ ಒಬ್ಬಳು ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗ್ಗೆ ಹೊತ್ತು, ಜನ ಇರಲಿಲ್ಲ. ನಮ್ಮನ್ನು ನೋಡಿ ಎದ್ದಳು. ಹತ್ತು ಹದಿನೈದು ಸೀರೆ ಬಿಚ್ಚಿ ತೋರಿಸಿದಳು. ನನ್ನ ಹೆಂಡತಿ ಎರಡನ್ನು ಪಕ್ಕಕ್ಕಿಟ್ಟು ಮೂರನೆಯದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾ ನಿಂತಳಲ್ಲ, ಆ ಹೊತ್ತಿಗೆ ಹುಡುಗಿ ಮತ್ತೆ ಕೂತಳು. ನಾಲ್ಕು ಅಡಿ ಆಚೆ ಗಲ್ಲಾದಲ್ಲಿ ಅಂಗಡಿಯ ಯಜಮಾನಿ ಇದ್ದರು. ಅವರ ಕಣ್ಣೆದುರಿಗೇ ಕೂತಳು.

ನನಗೆ ಮೈ ಉರಿಯಿತು. ಸುಳ್ಳು ಯಾಕೆ ಹೇಳಲಿ. ಗಿರಾಕಿ ನಿಂತಿದ್ದಾರೆ, ಸಾಹುಕಾರರು ಪಕ್ಕದಲ್ಲಿದ್ದಾರೆ, ಇವಳು ಆರಾಮಾಗಿ ಕೂರೋದಾ? ಹೆಂಡತಿ ಸೀರೆ ಬಿಟ್ಟು ನನ್ನ ಮುಖ ನೋಡಿದಳು. ಅವಳಿಗೆ ತಕ್ಷಣ ಗೊತ್ತಾಗಿಬಿಡುತ್ತೆ. "ನಿಮ್ಮಪ್ಪಾಜಿ ಇಲ್ಲಿ ಇದ್ದಿದ್ರೆ ಆ ಸ್ಟೂಲು ಇಷ್ಟೊತ್ತಿಗೆ ರೋಡಿಗೆ ಬಂದಿರ್ತಿತ್ತು, ಅಲ್ವಾ?" ಅಂದಳು.

ಅದೇ ಚುಚ್ಚಿದ್ದು. ಅಪ್ಪಾಜಿಯ ಬಟ್ಟೆ ಅಂಗಡಿ ಬೇಡ, ಗಲ್ಲಾ ಬೇಡ, ಆ ಗಾದಿಯಂತೂ ಬೇಡವೇ ಬೇಡ ಅಂತ ಬಿಕಾಂ ಮುಗಿಸಿ ಊರು ಬಿಟ್ಟವನು ನಾನು. ಇಲ್ಲೊಂದು ಪಂಪ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡು, ತಿಂಗಳ ಸಂಬಳ ತಗೊಂಡು, ನಾನೂ ಒಬ್ಬ ನೌಕರ ಅಂತಲೇ ತಿಳಿದುಕೊಂಡಿದ್ದೆ. ನೋಡಿದರೆ ದಾವಣಗೆರೆ ಮಂಡಿಪೇಟೆ ಸಾಹುಕಾರನ ಮಗ ಒಳಗೆ ಹಾಗೇ ಇದ್ದಾನೆ, ಅದೂ ಲೋಡಿಗೆ ಒರಗಿಕೊಂಡು.

ಬಿಲ್ ಕಟ್ಟುವಾಗ ನಮ್ಮ ಮಾತು ಕೇಳಿ ಯಜಮಾನಿಯವರೂ ಕನ್ನಡಕ್ಕೆ ಬಂದರು. ರಾಗ ಪೂರ್ತಿ ತಮಿಳಿನದು, ನಡುವೆ ನಮ್ಮಜ್ಜಿ ಬಾಯಲ್ಲಿ ಕೇಳಿದ್ದಂಥ ಹಳೆ ಮಾತುಗಳು. ದೇವಾಂಗದವರು. ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಈ ಕಡೆ ಬಂದವರು. ಮನೆಯಲ್ಲಿ ಕನ್ನಡ, ಓದೋದು ಬರೆಯೋದು ತಮಿಳು. ಕೊಯಮತ್ತೂರು, ಸಿರುಮುಗೈ ಸುತ್ತಮುತ್ತ ಇಂಥವರು ಬೇಕಾದಷ್ಟು ಜನ ಇದ್ದಾರೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಕೆಲಸದ ಹುಡುಗಿಯರಿಗೆ ಸ್ಟೂಲು ಹಾಕಿದ್ದೀರಲ್ಲ ಅಂತ. ದಯೆ, ಕರುಣೆ, ಮಕ್ಕಳಿದ್ದ ಹಾಗೆ, ಇಂಥದ್ದೇನೋ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. ಬೆಳಗ್ಗೆಯಿಂದ ನಿಂತು ಕಾಲು ಊದಿಕೊಂಡರೆ ಸಂಜೆಗೆ ಮುಖ ಸಿಂಡರಿಸಿಕೊಂಡು ಸೀರೆ ತೋರಿಸುತ್ತಾರಂತೆ. ವ್ಯಾಪಾರ ಆಗೋದೇ ಸಂಜೆ. ಒಂದು ಸ್ಟೂಲಿಗೆ ಮುನ್ನೂರು ರೂಪಾಯಿ. ಅವರ ಮಾವನ ಕಾಲದಲ್ಲೇ ಹಾಕಿಸಿದ್ದಂತೆ. "ಈಗ ಹೇಗೂ ಕಾನೂನೇ ಇದೆಯಲ್ಲ" ಅಂದು ಚಿಲ್ಲರೆ ಎಣಿಸಿ ಕೊಟ್ಟರು.

ಕಾನೂನು ಇರೋದು ನಿಜ. ಮೊದಲು ಕೇರಳದಲ್ಲಿ ಬಂತು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. ಪಿ. ವಿಜಿ ಅಂತ ಒಬ್ಬ ಟೈಲರ್ ಅವರನ್ನೆಲ್ಲ ಕೂಡಿಸಿಕೊಂಡು ಸಂಘ ಕಟ್ಟಿದ್ದು. ಅವರು ಕೇಳಿದ್ದು ಏನು ಗೊತ್ತಾ? ಕೂರೋಕೆ ಜಾಗ, ಹೋಗೋಕೆ ಶೌಚಾಲಯ. ಇಷ್ಟೇ. 2018ರಲ್ಲಿ ಕೇರಳ ತನ್ನ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು, ಅಂಗಡಿಯಲ್ಲಿ ಕೆಲಸ ಮಾಡೋರಿಗೆಲ್ಲ ಕೂರೋ ವ್ಯವಸ್ಥೆ ಇರಲೇಬೇಕು ಅಂತ. ಆಗ ಪೇಪರಿನಲ್ಲಿ ಓದಿದ್ದೆ. ಓದಿ, ಒಳ್ಳೇದು ಅಂದುಕೊಂಡು ಪುಟ ತಿರುಗಿಸಿದ್ದೆ. ನಮ್ಮ ಮನೆಗೂ ಅದಕ್ಕೂ ಏನಾದರೂ ಸಂಬಂಧ ಇರಬಹುದು ಅಂತ ಹೊಳೆದೇ ಇರಲಿಲ್ಲ.

ನಮ್ಮದು ದಾವಣಗೆರೆ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ. ತಾತ ಹಾಕಿದ್ದು, ಈಗ ಅಪ್ಪಾಜಿ ಮತ್ತು ಅಣ್ಣ ನೋಡಿಕೊಳ್ಳುತ್ತಾರೆ. ಬೆಳಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ ರಾತ್ರಿ ಎಂಟೂವರೆಗೆ ಇಳಿಸೋದು, ಹಬ್ಬದ ದಿನಗಳಲ್ಲಿ ಹತ್ತೂ ಆಗುತ್ತೆ, ಹನ್ನೊಂದೂ ಆಗುತ್ತೆ. ಬಿಳಿ ಗಾದಿ, ಎರಡು ಲೋಡು, ಗಲ್ಲಾ. ಗಲ್ಲಾದ ಹಿಂದೆ 'ಕಾಯಕವೇ ಕೈಲಾಸ' ಅಂತ ಬೋರ್ಡು. ಗಾದಿ ಮೇಲೆ ಕೂರೋದು ಅಪ್ಪಾಜಿ. ಗಿರಾಕಿಗೆ ಬೆಂಚು. ಕೆಲಸದವರಿಗೆ ನೆಲ, ಅಂದರೆ ನಿಲ್ಲೋಕೆ. ಚಿಕ್ಕವನಿದ್ದಾಗ ಒಂದು ಸಲ ಕೇಳಿದ್ದೆ, ಇವರು ಯಾಕೆ ಕೂರಲ್ಲ ಅಂತ. "ಕುಂತ್ರೆ ನಿದ್ದೆ ಬರ್ತೈತೆ. ನಿದ್ದೆ ಬಂದ್ರೆ ಯಾಪಾರ ಹೋಗ್ತೈತೆ" ಅಂದಿದ್ದರು. ಲೋಡಿಗೆ ಒರಗಿಕೊಂಡವರಿಗೆ ಯಾಕೆ ನಿದ್ದೆ ಬರಲ್ಲ ಅಂತ ಕೇಳೋಕೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ.

ನಿಂತವರಲ್ಲಿ ಮೊದಲನೆಯವರು ಕಾಕಾ. ನಮ್ಮ ಸಂಬಂಧಿಕರಲ್ಲ. ಅವರಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದರು. ಮಿಲ್ಲು ಕುಂಟೋಕೆ ಶುರು ಆದಾಗ ಮಗನನ್ನು ತಂದು ಅಪ್ಪಾಜಿ ಕೈಗೆ ಒಪ್ಪಿಸಿದರು. ಆಗ ಕಾಕಾಗೆ ಹತ್ತೊಂಬತ್ತು. ಈಗ ಐವತ್ತೇಳು. ಅಂದರೆ ಮೂವತ್ತೆಂಟು ವರ್ಷ. ನನಗೆ ಪ್ಯಾಂಟ್ ಪೀಸ್ ಅಳೆಯೋದು, ಕತ್ತರಿ ಹಿಡಿಯೋದು, ಬೇಡ ಅನ್ನೋ ಗಿರಾಕಿಯನ್ನು ಇನ್ನೊಂದು ಹತ್ತು ನಿಮಿಷ ನಿಲ್ಲಿಸೋದು, ಎಲ್ಲ ಕಲಿಸಿದ್ದು ಅವರೇ. ನಾವು ಮಕ್ಕಳೆಲ್ಲ ಕಾಕಾ, ಬರ್ರಿ, ಹೋಗ್ರಿ ಅಂತೀವಿ. ಅಪ್ಪಾಜಿ ಇವತ್ತಿಗೂ 'ಲೇ'.

ಇಲ್ಲಿ ಕೊಂಗು ಸೀಮೆಯ, ಅಂದರೆ ಈ ಕೊಯಮತ್ತೂರು ಕಡೆಯ, ಮಾತಿನ ಬಗ್ಗೆ ಒಂದು ಹೇಳಲೇಬೇಕು. ಈ ಊರವರು ಯಾರ ಜೊತೆ ಮಾತಾಡಿದರೂ ಕೊನೆಗೊಂದು ಮರ್ಯಾದೆಯ 'ಂಗ' ಸೇರಿಸುತ್ತಾರೆ. ವಾಂಗ, ಉಕ್ಕಾರುಂಗ, ಸೊಲ್ಲುಂಗ, ಅಂದರೆ ಬನ್ನಿ, ಕೂತ್ಕೊಳ್ಳಿ, ಹೇಳಿ. ಕಸ ಗುಡಿಸೋಕೆ ಬರೋ ಹೆಂಗಸಿಗೂ ವಾಂಗ, ನಮ್ಮ ಕಂಪನಿಯ ಎಂಡಿಗೂ ವಾಂಗ. ಆ ಸೀರೆ ಅಂಗಡಿಯ ಯಜಮಾನಿ ಇಪ್ಪತ್ತು ವರ್ಷದ ಹುಡುಗಿಗೆ 'ಅಮ್ಮಿಣಿ, ಅಂದ ಪಚ್ಚೆ ಪೊಡವೆಯೆ ಎಡುಂಗ' (ಅಮ್ಮಾ, ಆ ಹಸಿರು ಸೀರೆ ತೆಗೀರಿ) ಅಂದಿದ್ದನ್ನು ಕೇಳಿ ನನಗೆ ನಮ್ಮ ಅಂಗಡಿ ನೆನಪಾಗಿ ಒಂಥರಾ ಆಯಿತು. ಮೊಮ್ಮಕ್ಕಳನ್ನು ಕಂಡ ಮನುಷ್ಯನಿಗೆ 'ಲೇ, ಆ ಥಾನ್ ತಗಿಯಲೇ' ಅನ್ನೋದು, ಅದನ್ನು ಪ್ರೀತಿ ಅಂತ ನಾವು ನಾವೇ ತಿಳಿದುಕೊಳ್ಳೋದು.

ಇನ್ನು ಬೋನಸ್ಸು. ದೀಪಾವಳಿಗೆ ಮುಂಚೆ ಇಲ್ಲಿನ ಟೀ ಅಂಗಡಿಗಳಲ್ಲಿ ಒಂದೇ ಮಾತು: ನಿಮ್ಮಲ್ಲಿ ಈ ಸಲ ಎಷ್ಟು ಪರ್ಸೆಂಟ್? ಕಾನೂನಿನಲ್ಲಿ ಕಡಿಮೆ ಅಂದರೆ 8.33, ಜಾಸ್ತಿ ಅಂದರೆ 20. ಫೌಂಡ್ರಿಯವನು, ಗ್ರೈಂಡರ್ ಕಂಪನಿಯವನು, ಮಿಲ್ಲಿನವನು, ಎಲ್ಲರೂ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ, ಪಕ್ಕದ ಕಂಪನಿ ಎರಡು ಪರ್ಸೆಂಟ್ ಜಾಸ್ತಿ ಕೊಟ್ಟರೆ ಬೈಯುತ್ತಾರೆ, ಸಂಘದವರು ಗೇಟಿನ ಮುಂದೆ ನಿಲ್ಲುತ್ತಾರೆ. ಬೋನಸ್ ಶೀಟ್ ಮಾಡೋ ನನ್ನ ತಲೆ ತಿನ್ನುತ್ತಾರೆ. ಆದರೆ ಯಾರೂ ಯಾರ ಕಾಲಿಗೂ ಬೀಳಲ್ಲ.

ನಮ್ಮಲ್ಲಿ? ಪಾಡ್ಯದ ಸಂಜೆ ಅಂಗಡಿ ಪೂಜೆ. ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ, ಲಕ್ಷ್ಮಿಗೆ ಚೆಂಡು ಹೂವು, ಬಾಳೆಕಂದು, ಮಂಗಳಾರತಿ. ಆಮೇಲೆ ಒಬ್ಬೊಬ್ಬರೇ ಬಂದು ಅಪ್ಪಾಜಿಗೆ ನಮಸ್ಕಾರ ಮಾಡಬೇಕು. ಒಂದು ಪೇಡೆ ಬಾಕ್ಸು, ಒಂದು ಶರ್ಟ್ ಪೀಸು, ಒಂದು ಕವರು. ಕವರಲ್ಲಿ ಎಷ್ಟಿದೆ ಅನ್ನೋದು ಅಪ್ಪಾಜಿಗೆ ಗೊತ್ತು, ಶಿವನಿಗೆ ಗೊತ್ತು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಒಂದು ವರ್ಷ ಕಾಕಾ ಮಗಳ ಬಾಣಂತನಕ್ಕೆ ಅಂತ ಹದಿನೈದು ದಿನ ರಜೆ ಹಾಕಿದ್ದರು. ಆ ವರ್ಷದ ಕವರು ತೆಳ್ಳಗಿತ್ತು. ಅದು ಹೇಗೆ ಗೊತ್ತು ಅಂದರೆ, ಕವರುಗಳಿಗೆ ದುಡ್ಡು ತುಂಬಿದ್ದು ನಾನೇ.

ನಾನು ಹೇಳೋಕೆ ಹೊರಟಿದ್ದು ಇಷ್ಟು. ನಮ್ಮ ಕಡೆಯ ಸಾಹುಕಾರರು ಕೊಡಲ್ಲ ಅಂತಲ್ಲ. ಕೊಡುತ್ತಾರೆ, ಕೈತುಂಬಾ ಕೊಡುತ್ತಾರೆ. ಆದರೆ ಅದು ಯಾವಾಗಲೂ ಉಪಕಾರ. ಕೊಟ್ಟವರಿಗೂ ನೆನಪಿರಬೇಕು, ತಗೊಂಡವರಿಗಂತೂ ಸಾಯೋವರೆಗೂ ನೆನಪಿರಬೇಕು. ಇಲ್ಲಿ ನಾನು ಕಂಡಿದ್ದು ಪಾಲು. ಪಾಲು ತಗೊಂಡವನು ತಲೆ ತಗ್ಗಿಸಬೇಕಾಗಿಲ್ಲ, ಅಲ್ವಾ? ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಾಗ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ? ಜಗಳ ಬೇಕಾದರೆ ಆಡುತ್ತಾರೆ.

ಪಾಲು ಅನ್ನೋ ಮಾತು ಸುಮ್ನೆ ಹೇಳಿದ್ದಲ್ಲ. ನನ್ನ ಮನೆ ಇರೋದು ಪೀಳಮೇಡಿನಲ್ಲಿ. ಯಾವ ಕಡೆ ತಿರುಗಿದರೂ ಪಿಎಸ್‌ಜಿ ಅನ್ನೋ ಮೂರು ಅಕ್ಷರ. ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ, ಆರ್ಟ್ಸ್ ಕಾಲೇಜು, ಶಾಲೆ. ಬಂದ ಹೊಸದರಲ್ಲಿ ಯಾವುದೋ ದೊಡ್ಡ ಕಂಪನಿ ಇರಬೇಕು ಅಂದುಕೊಂಡಿದ್ದೆ. ಅದು ಒಬ್ಬ ಮನುಷ್ಯನ ಹೆಸರು. ಪಿ.ಎಸ್. ಗೋವಿಂದಸ್ವಾಮಿ ನಾಯ್ಡು, ಇದೇ ಪೀಳಮೇಡಿನವರು. ಅವರಿಗೆ ನಾಲ್ಕು ಜನ ಗಂಡುಮಕ್ಕಳು. ಆಸ್ತಿ ಹಂಚುವಾಗ ನಾಲ್ಕು ಪಾಲು ಮಾಡಲಿಲ್ಲ, ಐದು ಮಾಡಿದರು. ಐದನೆಯದು ಧರ್ಮದ ಪಾಲು. 1926ರಲ್ಲಿ ಅದೇ ಪಾಲಿನಿಂದ ಪಿಎಸ್‌ಜಿ ಅಂಡ್ ಸನ್ಸ್ ಚಾರಿಟೀಸ್ ಅಂತ ಟ್ರಸ್ಟ್ ಆಯಿತು. ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1951ರಲ್ಲಿ. ಈ ಊರಿನ ಪಂಪು, ಮೋಟರು, ಮಿಲ್ಲಿನ ಮಿಷನ್ನು ಇವುಗಳ ಹಿಂದೆ ಅಲ್ಲಿ ಓದಿದವರು ಎಷ್ಟು ಜನ ಇದ್ದಾರೋ. ನಮ್ಮ ಕಂಪನಿಯಲ್ಲೇ ಡಿಸೈನ್ ಡಿಪಾರ್ಟ್‌ಮೆಂಟಿನಲ್ಲಿ ಅರ್ಧ ಜನ ಅಲ್ಲಿಯವರು.

ಧರ್ಮಕ್ಕೆ ದುಡ್ಡು ಕೊಟ್ಟಿದ್ದು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ದುಡ್ಡು ಎಲ್ಲ ಊರಿನ ಶ್ರೀಮಂತರೂ ಕೊಡುತ್ತಾರೆ. ಧರ್ಮವನ್ನು ಐದನೇ ತಮ್ಮ ಅಂತ ಲೆಕ್ಕ ಹಿಡಿದರಲ್ಲ, ಅದು ನನ್ನಂಥ ಲೆಕ್ಕದವನಿಗೆ ಹಿಡಿಸಿತು. ತಮ್ಮನ ಪಾಲನ್ನು ಈ ವರ್ಷ ವ್ಯಾಪಾರ ಡಲ್ಲು ಅಂತ ಕಮ್ಮಿ ಮಾಡೋಕೆ ಬರಲ್ಲ. ಹದಿನೈದು ದಿನ ರಜೆ ಹಾಕಿದೆ ಅಂತ ಹಿಡಿದುಕೊಳ್ಳೋಕೂ ಬರಲ್ಲ.

ನಮ್ಮೂರಲ್ಲಿ ಧರ್ಮ ಇಲ್ವಾ ಅಂದರೆ, ದಾವಣಗೆರೆಯವರು ನನ್ನನ್ನು ಹೊಡೆಯೋಕೇ ಬರುತ್ತಾರೆ. ರಾಜನಹಳ್ಳಿ ಹನುಮಂತಪ್ಪನವರ ಛತ್ರ ಇದೆ. ಚಿಗಟೇರಿ ಆಸ್ಪತ್ರೆ ಇದೆ, ನಾನು ಹುಟ್ಟಿದ್ದೇ ಅಲ್ಲಿ. ಇವತ್ತಿಗೂ ಜಿಲ್ಲಾಸ್ಪತ್ರೆಗೆ ಆ ಮನೆತನದ ಹೆಸರೇ. ದುಗ್ಗಮ್ಮನ ಜಾತ್ರೆ ಬಂದರೆ ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳವರು ಪಟ್ಟಿ ಕೊಡೋದು ನೋಡಬೇಕು. ಮಠಕ್ಕೆ, ದಾಸೋಹಕ್ಕೆ ಅಕ್ಕಿ ಚೀಲ ಲಾರಿಯಲ್ಲಿ ಹೋಗುತ್ತೆ. ಅಪ್ಪಾಜಿ ಪ್ರತಿ ವರ್ಷ ಹತ್ತು ಚೀಲ ಕಳಿಸುತ್ತಾರೆ, ಹೆಸರು ಹಾಕಿಸಬೇಡಿ ಅಂತ ಖಡಕ್ಕಾಗಿ ಹೇಳಿ ಕಳಿಸುತ್ತಾರೆ. ಆ ಮನುಷ್ಯನ ಮನಸ್ಸು ಸಣ್ಣದಲ್ಲ. ನನ್ನ ಸಿಟ್ಟು ಇರೋದೂ ಅಲ್ಲೇ. ಹತ್ತು ಚೀಲ ಅಕ್ಕಿಯನ್ನು ಹೆಸರಿಲ್ಲದೆ ಕೊಡೋ ಕೈ, ಒಂದು ಕವರನ್ನು ಕಾಲಿಗೆ ಬೀಳಿಸದೆ ಕೊಡಲಾರದಲ್ಲ. ಕಾಯಕವೇ ಕೈಲಾಸ ಅನ್ನೋ ಆ ಬೋರ್ಡಿನ ಕೆಳಗೆ ಕಾಯಕ ಕಾಕಾಂದು, ಕೈಲಾಸ ನಮ್ಮದು. ಇದನ್ನು ಒಂದು ಸಲ ಅಣ್ಣನಿಗೆ ಫೋನಿನಲ್ಲಿ ಹೇಳಿ ಆರು ತಿಂಗಳು ಮಾತು ಬಿಟ್ಟಿದ್ದೆವು.

ಇನ್ನೊಂದು ಇದೆ. ನಮ್ಮ ಅಂಗಡಿಯ ರಿಜಿಸ್ಟರಿನಲ್ಲಿ ಯಾವತ್ತೂ ಒಂಬತ್ತೇ ಜನ. ನಾನು ಹುಟ್ಟಿದಾಗಿನಿಂದ ಒಂಬತ್ತು. ಹಬ್ಬದ ಸೀಸನ್ನಿನಲ್ಲಿ ಎಣಿಸಿದರೆ ಹದಿನಾಲ್ಕು ತಲೆ ಸಿಗುತ್ತೆ, ಪುಸ್ತಕದಲ್ಲಿ ಒಂಬತ್ತು. ಚಿಕ್ಕವನಿದ್ದಾಗ ಇದು ಅಪ್ಪಾಜಿಯ ಲಕ್ಕಿ ನಂಬರ್ ಇರಬೇಕು ಅಂದುಕೊಂಡಿದ್ದೆ. ಬಿಕಾಂ ಎರಡನೇ ವರ್ಷ ಗ್ರಾಚುಯಿಟಿ, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕೊಡಬೇಕಾದ ದುಡ್ಡಿನ ಪಾಠ ಬಂದಾಗ ಗೊತ್ತಾಯಿತು. ಹತ್ತನೇ ಮನುಷ್ಯ ಬಂದರೆ ಇಎಸ್ಐ ಅನ್ನೋ ನೌಕರರ ವಿಮೆ, ಗ್ರಾಚುಯಿಟಿ ಎಲ್ಲ ಹಿಂದೆಯೇ ಬರುತ್ತವೆ. ಮಂಡಿಪೇಟೆಯಲ್ಲಿ ಎಷ್ಟು ಅಂಗಡಿಗಳಲ್ಲಿ ಆ ಹತ್ತನೆಯವನು ಇದ್ದೂ ಇಲ್ಲದ ಹಾಗೆ ಓಡಾಡಿಕೊಂಡಿದ್ದಾನೋ ಏನೋ.

ಸೀರೆ ಅಂಗಡಿಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕ್ಯಾಲ್ಕುಲೇಟರ್ ತಗೊಂಡೆ. ಕಾಕಾ ಸಂಬಳ ಈಗ ಹದಿನಾಲ್ಕು ಸಾವಿರ. ಗ್ರಾಚುಯಿಟಿಗೆ ಕೊನೆಯ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಆಮೇಲೆ ವರ್ಷಗಳಿಂದ. ಮೂವತ್ತೆಂಟು ವರ್ಷಕ್ಕೆ 3,06,923 ರೂಪಾಯಿ ಬಂತು. ಕಾಕಾ ಇವತ್ತು ಕೆಲಸ ಬಿಟ್ಟರೆ ಅವರಿಗೆ ಬರಬೇಕಾದ ದುಡ್ಡು. ಕೇಳೋಕೆ ಹೋದರೆ ಅಂಥ ದುಡ್ಡೇ ಇಲ್ಲ, ರಿಜಿಸ್ಟರಿನಲ್ಲಿ ಒಂಬತ್ತೇ ಜನ. ಅವರಪ್ಪ ಮಿಲ್ಲಿನಲ್ಲಿದ್ದಾಗ ಸೈರನ್ನಿಗೆ ಒಳಗೆ ಹೋಗಿ ಸೈರನ್ನಿಗೆ ಹೊರಗೆ ಬರುತ್ತಿದ್ದರು. ಬೋನಸ್ಸು ಬಂದ ವಾರ ನಮ್ಮ ತಾತನ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲವಂತೆ. ಅಂದರೆ ಮಿಲ್ಲಿನವರ ಪಾಲಿನ ದುಡ್ಡಿನಲ್ಲೇ ನಮ್ಮ ಅಂಗಡಿ ಬೆಳೆದಿದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು, ದಕ್ಷಿಣದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಇಲ್ಲಿ ಬೋನಸ್ಸಿನ ಮಾತು ಉಳಿದುಕೊಂಡಿತು. ನಮ್ಮಲ್ಲಿ ಮಿಲ್ಲು ಮುಚ್ಚಿದವು, ಆ ಮಾತೂ ಮುಚ್ಚಿಹೋಯಿತು.

ಸರಿ, ಈ ಸಲ ದೀಪಾವಳಿಗೆ ಊರಿಗೆ ಹೋಗಿ ಹೇಳಿಯೇಬಿಡೋಣ ಅಂತ ತೀರ್ಮಾನ ಮಾಡಿದೆ. 3,06,923 ಅಂತ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ.

ಹೋದೆ. ಅಲ್ಲಿ ಆಗಿದ್ದನ್ನು ಬರೆಯದೆ ಬಿಟ್ಟರೆ ನನಗೇ ಅನುಕೂಲ. ಆದರೂ ಬರೆಯುತ್ತೇನೆ.

ಪೂಜೆಗೆ ಅಂತ ಹಳೆ ಖಾತೆ ಪುಸ್ತಕಗಳನ್ನೆಲ್ಲ ಕೆಳಗೆ ಇಳಿಸಿದ್ದರು. ಅದರಲ್ಲಿ ಅಪ್ಪಾಜಿಯ ಕೈಗಡದ ಪುಸ್ತಕ ಇತ್ತು, ಕೆಂಪು ಬಟ್ಟೆಯ ರಟ್ಟಿನದು. ಅದನ್ನು ಯಾರೂ ಮುಟ್ಟೋ ಹಾಗಿಲ್ಲ. ಅಪ್ಪಾಜಿ ಸ್ನಾನಕ್ಕೆ ಹೋಗಿದ್ದಾಗ ಮುಟ್ಟಿದೆ. ಕಾಕಾ ಹೆಸರಿನ ಪುಟ ತೆಗೆದೆ. ಮಗಳ ಮದುವೆಗೆ 1,20,000. ಮನೆಯ ಮಾಳಿಗೆಗೆ 45,000. ಮಗನ ಕಾಲೇಜ್ ಫೀಸು 90,000. ಹಾರ್ಟಿಗೆ ಸ್ಟೆಂಟ್ ಹಾಕಿಸಿದಾಗ 1,60,000. ಒಟ್ಟು 4,15,000. ಪ್ರತಿ ಸಾಲಿನ ಮೇಲೂ ಒಂದು ಗೀಟು, ಪಕ್ಕದಲ್ಲಿ ಅಪ್ಪಾಜಿಯ ಕೈಬರಹದಲ್ಲಿ 'ಮುಟ್ಟಿತು'. ಎಲ್ಲದಕ್ಕೂ ಪಾಡ್ಯದ ದಿನದ ತಾರೀಕು.

ಹದಿನಾಲ್ಕು ಸಾವಿರ ಸಂಬಳದಲ್ಲಿ ಕಾಕಾ ಇಷ್ಟನ್ನು ತೀರಿಸಿದ್ದು ಹೇಗೆ ಅಂತ ಅಣ್ಣನನ್ನು ಕೇಳಿದೆ. ಅಣ್ಣ ನನ್ನನ್ನು ಪೆದ್ದನ ಹಾಗೆ ನೋಡಿದ. ಒಂದು ರೂಪಾಯಿಯೂ ಮುಟ್ಟಿಲ್ಲ. ಅಪ್ಪಾಜಿ ಪ್ರತಿ ಪಾಡ್ಯಕ್ಕೆ ಒಂದು ಸಾಲು ಹೊಡೆದು ಹಾಕುತ್ತಾರೆ, ಅಷ್ಟೆ. ಕಾಕಾಗೆ ಈ ವಿಷಯ ಗೊತ್ತೇ ಇಲ್ಲ. ಅವರು ಇನ್ನೂ ಸಾಲ ಇದೆ ಅಂತಲೇ ತಿಳಿದುಕೊಂಡಿದ್ದಾರೆ.

ನನ್ನ ಚೀಟಿ ಪರ್ಸಿನಲ್ಲೇ ಉಳಿಯಿತು. ಕಾನೂನಿನ ಲೆಕ್ಕ ಮೂರು ಲಕ್ಷ, ಅಪ್ಪಾಜಿಯ ಲೆಕ್ಕ ನಾಲ್ಕು ಲಕ್ಷ. ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ? ಆದರೂ ಊಟಕ್ಕೆ ಕೂತಾಗ ಕೇಳಿದೆ, ಹೊಡೆದು ಹಾಕಿದ ಮೇಲೆ ಅವರಿಗೆ ಒಂದು ಮಾತು ಹೇಳಬಾರದಾ ಅಂತ. ಅಪ್ಪಾಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೇಳಿದ್ರೆ ಅವನ ಮಾನ ಏನಾಗ್ಬೇಕು?" ಅಂದರು. ರಾತ್ರಿ ಅಣ್ಣ ಮಾಳಿಗೆ ಮೇಲೆ ಸಿಕ್ಕಾಗ ಬೇರೆ ಹೇಳಿದ: "ಹೇಳಿದ್ರೆ ಅವರು ಇಲ್ಲಿ ಇರ್ತಾರಾ? ಎದುರಿನ ಶೋರೂಮಿನವರು ಮೂರು ವರ್ಷದಿಂದ ಕರೀತಿದ್ದಾರೆ." ಇಬ್ಬರಲ್ಲಿ ಯಾರು ನಿಜ ಹೇಳಿದರು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಇಬ್ಬರೂ ಹೇಳಿದ್ದಿರಬಹುದು.

ಹೊರಗೆ ಕೂತು ಊರನ್ನು ಬೈಯೋದು ಸುಲಭ. ಈ ಕೊಯಮತ್ತೂರನ್ನೇ ತಗೊಳ್ಳಿ. ಸುತ್ತಲಿನ ನೂಲಿನ ಮಿಲ್ಲುಗಳಲ್ಲಿ 'ಸುಮಂಗಲಿ' ಅಂತ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಬಡವರ ಮನೆಯ ಹೆಣ್ಣುಮಕ್ಕಳನ್ನು ಮೂರು ವರ್ಷ ಹಾಸ್ಟೆಲ್ಲಿನಲ್ಲಿಟ್ಟು ದುಡಿಸಿಕೊಂಡು, ಮದುವೆ ಖರ್ಚಿಗೆ ಅಂತ ಕೊನೆಗೆ ಒಂದು ಗಂಟು ಕೊಡೋದು. ನಡುವೆ ಬಿಟ್ಟು ಹೋದರೆ ಗಂಟಿಲ್ಲ. ಅದು ಅವರದ್ದೇ ಸಂಬಳ, ಹಿಡಿದಿಟ್ಟುಕೊಂಡು ಉಡುಗೊರೆ ಅಂತ ಕೊಟ್ಟಿದ್ದು. ನಮ್ಮ ಮಂಡಿಪೇಟೆ ಕವರಿಗಿಂತ ಇದು ನೂರು ಪಟ್ಟು ಕೆಟ್ಟದ್ದು. ಇನ್ನು ವಾಂಗ ಪೋಂಗ ಅನ್ನೋ ಇದೇ ಕೊಂಗು ಸೀಮೆಯ ಎಷ್ಟೋ ಹಳ್ಳಿಗಳ ಟೀ ಅಂಗಡಿಗಳಲ್ಲಿ ಜಾತಿ ನೋಡಿ ಬೇರೆ ಲೋಟ ಇಡುತ್ತಿದ್ದರು. ಮರ್ಯಾದೆಯ ಮಾತಿನ ಜೊತೆಗೇ ಬೇರೆ ಲೋಟ.

ಇನ್ನು 2020ರ ಲಾಕ್‌ಡೌನು. ಅದನ್ನು ನೆನೆಸಿಕೊಂಡರೆ ನನ್ನ ಪಾಲು, ಉಪಕಾರದ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನಮ್ಮ ಪಂಪ್ ಕಂಪನಿ ಪರ್ಮನೆಂಟ್ ಇದ್ದವರಿಗೆಲ್ಲ ಪೂರ್ತಿ ಸಂಬಳ ಕೊಟ್ಟಿತು, ಒಂದು ಪೈಸೆ ಹಿಡಿಯಲಿಲ್ಲ. ಆ ಶೀಟ್ ಮಾಡಿದ್ದು ನಾನೇ, ಹೆಮ್ಮೆಯಿಂದ ಮಾಡಿದ್ದೆ. ಆದರೆ ಫೌಂಡ್ರಿಯಲ್ಲಿ ಮರಳು ಹೊರುತ್ತಿದ್ದ ಒಡಿಶಾ, ಬಿಹಾರದ ಹುಡುಗರು ಕಂಟ್ರಾಕ್ಟರಿನ ಲೆಕ್ಕದವರು. ನನ್ನ ಶೀಟಿನಲ್ಲಿ ಅವರ ಹೆಸರಿರಲಿಲ್ಲ. ಗೇಟಿನ ಹೊರಗೆ ಎರಡು ದಿನ ಕೂತಿದ್ದು, ಮೂರನೇ ದಿನ ಇರಲಿಲ್ಲ. ಎಲ್ಲಿಗೆ ಹೋದರು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಹೊತ್ತಿಗೆ ಊರಲ್ಲಿ ಶಟರ್ ಮುಚ್ಚಿಕೊಂಡು ಕೂತಿದ್ದ ಅಪ್ಪಾಜಿ ರಿಜಿಸ್ಟರಿನ ಒಂಬತ್ತು ಜನಕ್ಕೆ ಅರ್ಧ ಸಂಬಳ ಕೊಟ್ಟರು. ಅರ್ಧವೇ. ಆದರೆ ರಿಜಿಸ್ಟರಿನಲ್ಲಿ ಇಲ್ಲದ ಹಮಾಲರಿಗೆ, ಅಂಗಡಿ ಮುಂದೆ ಹೂವು ಮಾರೋ ಅಜ್ಜಿಗೆ, ಸೀಸನ್ನಿಗೆ ಮಾತ್ರ ಬರೋ ಹುಡುಗರಿಗೆ ಕೂಡ ಅಕ್ಕಿ, ಬೇಳೆ, ಎಣ್ಣೆ ಕಳಿಸಿದರು. ಅಣ್ಣ ಸ್ಕೂಟರಿನಲ್ಲಿ ಪೊಲೀಸರಿಂದ ಎರಡು ಏಟು ತಿಂದು ಮುಟ್ಟಿಸಿ ಬಂದ. ಲೆಕ್ಕ ನೋಡದೆ ಕೊಡೋರಿಗೆ ಮಾತ್ರ ಲೆಕ್ಕದಲ್ಲಿ ಇಲ್ಲದವರು ಕಾಣುತ್ತಾರೋ ಏನೋ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಇಷ್ಟ ಇಲ್ಲ.

ಇಷ್ಟು ಹೇಳಿದ ಮೇಲೂ ನಾನು ಆ ಸ್ಟೂಲಿನ ಕಡೆಯೇ. ಕಾಕಾಗೆ ನಾಲ್ಕು ಲಕ್ಷ ಬಿಟ್ಟುಕೊಟ್ಟಿದ್ದಾರೆ, ಒಪ್ಪಿದೆ. ಆದರೆ ಆ ನಾಲ್ಕು ಲಕ್ಷ ಕಾಕಾ ತಲೆ ಮೇಲೆ ಇವತ್ತಿಗೂ ಇದೆ. ಸಾಲ ತೀರಿದ ಮನುಷ್ಯ ತೀರಿಲ್ಲ ಅಂದುಕೊಂಡು ನಿಂತಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡು, ದಿನಕ್ಕೆ ಹತ್ತು ಗಂಟೆ.

ಪೂಜೆಯ ಮಾರನೇ ದಿನ ಬಿನ್ನಿ ಕಂಪನಿ ರಸ್ತೆಗೆ ಹೋಗಿ ಮೂರು ಸ್ಟೂಲ್ ತಂದೆ. ಪ್ಲಾಸ್ಟಿಕ್ಕಿನವು, ಗಟ್ಟಿ ಕಾಲಿನವು. ಅಪ್ಪಾಜಿ ಕನ್ನಡಕ ಮೇಲೆತ್ತಿ ನೋಡಿದರು. "ಯಾರಿಗೆ ಇವು?" ಅಂದರು. ಕೆಲಸದವರಿಗೆ ಅಂದೆ. ಏನೂ ಅನ್ನಲಿಲ್ಲ, ಪೇಪರ್ ಓದೋಕೆ ಶುರು ಮಾಡಿದರು. ಕಾಕಾ ಮಾತ್ರ ನನ್ನನ್ನು ಗೋಡೌನಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಬೈದರು. "ತಮ್ಮಾ, ಹಬ್ಬದ ದಿನ ಯಾಕ್ ಬೇಕಿತ್ತು ನಿಂಗಿದು? ಸಾವ್ಕಾರ್ರು ಏನ್ ತಿಳ್ಕೋಬೇಕು, ನಾನೇ ಹೇಳಿಸ್ದೆ ಅಂತ ಅನ್ಕೊಳ್ಳಲ್ವಾ?"

ಬಂದು ಮೂರು ವಾರ ಆಯಿತು. ನಿನ್ನೆ ಫೋನಿನಲ್ಲಿ ಅಣ್ಣನನ್ನು ಕೇಳಿದೆ, ಸ್ಟೂಲು ಏನಾದವು ಅಂತ. ಒಂದರ ಮೇಲೆ ಪ್ಯಾಂಟ್ ಪೀಸಿನ ಬಾಕ್ಸು ಇಟ್ಟಿದ್ದಾರಂತೆ. ಒಂದನ್ನು ಅತ್ತಿಗೆ ಮನೆಗೆ ಒಯ್ದಿದ್ದಾಳೆ, ಅಟ್ಟದ ಸಾಮಾನು ತೆಗೆಯೋಕೆ. ಮೂರನೆಯದು ಗೋಡೌನ್ ಬಾಗಿಲ ಹಿಂದೆ ಇದೆಯಂತೆ. ಮಧ್ಯಾಹ್ನ ಅಪ್ಪಾಜಿ ಊಟಕ್ಕೆ ಮನೆಗೆ ಹೋದಾಗ ಕಾಕಾ ಅದನ್ನು ಹೊರಗೆ ತಂದು ಮುಕ್ಕಾಲು ಗಂಟೆ ಕೂರುತ್ತಾರೆ, ಅಪ್ಪಾಜಿಯ ಗಾಡಿಯ ಹಾರ್ನ್ ಕೇಳಿದ ಕೂಡಲೇ ಮತ್ತೆ ಒಳಗೆ ಇಡುತ್ತಾರೆ. ಮುಂಚೆ ಅಪ್ಪಾಜಿ ಅರ್ಧ ಗಂಟೆಯಲ್ಲಿ ಉಂಡು ಬರುತ್ತಿದ್ದರು, ಈಗೀಗ ಸ್ವಲ್ಪ ತಡ ಮಾಡುತ್ತಿದ್ದಾರೆ, ಹಾರ್ನು ಮಾತ್ರ ಚೌಕದಿಂದಲೇ ಶುರು ಮಾಡುತ್ತಾರೆ ಅಂತ ಅಣ್ಣ ಹೇಳಿದ.